10 ವರ್ಷದ ಮಗಳಿಗೆ ಚೆಸ್ ಎಂಡ್‌ಗೇಮ್ ಪಜಲ್ ಮಾಡಿಸುವುದು ಹೇಗೆ?

ಓಪನಿಂಗ್ (ಆಟದ ಮೊದಲ ನಡೆಗಳು) ಎಲ್ಲ ಬಾಯಿಪಾಠ, ಮೊಬೈಲ್‌ನಲ್ಲಿ ದಿನಾ 30 ಪಜಲ್ ಬಿಡಿಸುತ್ತಾಳೆ, ಆದರೂ ಗೆಲ್ಲಬೇಕಾದ ಆಟವನ್ನು ಎಂಡ್‌ಗೇಮ್‌ನಲ್ಲಿ, ಅಂದರೆ ಕಾಯಿಗಳು ಕಮ್ಮಿಯಾದ ಕೊನೇ ಹಂತದಲ್ಲಿ, ಡ್ರಾ ಮಾಡಿಕೊಂಡು ಬರುತ್ತಾಳೆ ಅಂತ ಬರೆದಿದ್ದೀರಿ. ನಾನೂ ಹಾಸನದವನೇ. ಶನಿವಾರ, ಭಾನುವಾರ ನಮ್ಮ ಮನೆ ಮಹಡಿಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ನಿಮ್ಮ ಮಗಳದ್ದು ನಾನು ಹೆಚ್ಚು ಕಮ್ಮಿ ಪ್ರತಿ ವರ್ಷ ನೋಡುವ ತೊಂದರೆ.

ಹೋದ ಮಳೆಗಾಲ ಮಂಗಳೂರಿನ ಒಂದು ಟೂರ್ನಿಗೆ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅದರಲ್ಲೊಬ್ಬ 11 ವರ್ಷದ ಹುಡುಗ ಕೊನೇ ಸುತ್ತಿನಲ್ಲಿ ಒಂದು ಪಾನ್ (ಕಾಲಾಳು) ಹೆಚ್ಚಿಟ್ಟುಕೊಂಡು ಮಿಕ್ಕ ಕಾಯಿಗಳನ್ನೆಲ್ಲ ಕಾಯಿಗೆ ಕಾಯಿ ಹೊಡೆದು ಮುಗಿಸಿದ. ಬೋರ್ಡಿನಲ್ಲಿ ಉಳಿದದ್ದು ಮೂರೇ ಕಾಯಿ: ಅವನ ಬಿಳಿ ರಾಜ ಡಿ3ರಲ್ಲಿ, ಪಾನ್ ಇ2ರಲ್ಲಿ, ಕಪ್ಪು ರಾಜ ಇ6ರಲ್ಲಿ (ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ). ನಡೆ ಇವನದ್ದು. ಪಾನ್ ಓಡಿ ಕೊನೇ ಅಡ್ಡ ಸಾಲು ಮುಟ್ಟಿದರೆ ಕ್ವೀನ್ ಆಗುತ್ತದಲ್ಲ ಅಂತ ಎರಡು ಮನೆ ಹಾರಿಸಿ ಇ4ಕ್ಕೆ ಇಟ್ಟ. ಕಪ್ಪು ರಾಜ ಇ5ಕ್ಕೆ ಬಂದು ಎದುರು ನಿಂತ. ಅಲ್ಲಿಗೆ ಗೆಲುವು ಹೋಯಿತು, ಸ್ವಲ್ಪ ಹೊತ್ತಿಗೆ ಸ್ಟೇಲ್‌ಮೇಟ್ (ರಾಜನಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ). ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಶಿರಾಡಿ ಘಾಟ್ ಮುಗಿಯುವ ತನಕ ಹುಡುಗ ತುಟಿ ಬಿಚ್ಚಲಿಲ್ಲ. ಸಕಲೇಶಪುರ ದಾಟಿದ ಮೇಲೆ ನನ್ನ ಮ್ಯಾಗ್ನೆಟ್ ಬೋರ್ಡ್ ಇಸಕೊಂಡು ಅದೇ ಮೂರು ಕಾಯಿ ಜೋಡಿಸಿ, "ಇಲ್ಲಿ ಏನು ಆಡಬೇಕಿತ್ತು ಸರ್?" ಅಂದ.

ರಾಜ ಇ4ಕ್ಕೆ ಹೋಗಬೇಕಿತ್ತು, ಅಷ್ಟೇ. ಪಾನ್ ಕೂತಲ್ಲೇ ಕೂತಿರಲಿ, ರಾಜ ಮುಂದೆ ನಡೆದು ದಾರಿ ಬಿಡಿಸಲಿ. ಪಾನ್ ಇ2ರಲ್ಲಿರುವಾಗ ಬಿಳಿ ರಾಜ ಡಿ4, ಇ4, ಎಫ್4 ಈ ಮೂರು ಮನೆಗಳಲ್ಲಿ ಒಂದಕ್ಕೆ ಕಾಲಿಟ್ಟರೆ ಗೆಲುವು ಖಾತ್ರಿ, ನಡೆ ಯಾರದ್ದೇ ಇರಲಿ.

ಈ ಹುಡುಗನೂ ಮೊಬೈಲ್‌ನಲ್ಲಿ ನೂರಾರು ಪಜಲ್ ಬಿಡಿಸಿದವನೇ. ತೊಂದರೆ ಇರುವುದು ಇಲ್ಲಿ: ಪಜಲ್ ತೆರೆದ ಕೂಡಲೇ ಮಗುವಿಗೆ ಇದರಲ್ಲಿ ಏನೋ ಒಂದು ಒಳ್ಳೇ ನಡೆ ಇದೆ ಅಂತ ಮೊದಲೇ ಗೊತ್ತಿರುತ್ತದೆ. ನಿಜವಾದ ಆಟದಲ್ಲಿ ಹಾಗೆ ಯಾರೂ ಕಿವಿಯಲ್ಲಿ ಹೇಳುವುದಿಲ್ಲ. ಎಂಡ್‌ಗೇಮ್‌ನಲ್ಲಿ ಮೊದಲ ಪ್ರಶ್ನೆಯೇ ಇದು ಗೆಲುವೋ ಡ್ರಾನೋ ಅನ್ನುವುದು. ಅದನ್ನು ಕೇಳುವ ಅಭ್ಯಾಸ ಪಜಲ್‌ನಿಂದ ತಾನಾಗಿ ಬರುವುದಿಲ್ಲ, ನಾವೇ ಮಾಡಿಸಬೇಕು.

ನಾನು ಮಾಡಿಸುವ ರೀತಿ ಹೇಳುತ್ತೇನೆ. ಮರದ ಬೋರ್ಡೇ ಆಗಬೇಕು. ಬಿಳಿ ರಾಜ ಇ4, ಪಾನ್ ಇ3, ಕಪ್ಪು ರಾಜ ಇ6 ಇಡಿ. ಬಿಳಿ ನಡೆ ಅಂದರೆ ಡ್ರಾ. ಕಪ್ಪು ನಡೆ ಅಂದರೆ ಬಿಳಿಗೆ ಗೆಲುವು. ಕಾಯಿಗಳೆಲ್ಲ ಅವೇ, ಸರದಿ ಮಾತ್ರ ಬೇರೆ! ಮಕ್ಕಳ ಮುಖ ಆಗ ನೋಡಬೇಕು ನೀವು. ಹೀಗೆ ರಾಜರು ಎದುರುಬದುರು ನಿಂತಾಗ ಸರದಿ ಇದ್ದವನೇ ದಾರಿ ಬಿಡಬೇಕಾಗುತ್ತದೆ; ಇದಕ್ಕಿರುವ ಅಪೊಸಿಷನ್ ಅನ್ನುವ ಪದವನ್ನು ಅದಾದ ಮೇಲೆ ಹೇಳಿದರೆ ಸಾಕು. ಈಗ ಆ ಪಾನ್ ಒಂದನ್ನೇ ಇ2ಕ್ಕೆ ಎಳೆಯಿರಿ. ಬಿಳಿ ನಡೆ ಇದ್ದರೂ ಗೆಲುವು, ಯಾಕೆಂದರೆ ಇ3 ಅನ್ನುವ ಒಂದು ಮಿಗತೆ ನಡೆ ಕೈಯಲ್ಲಿದೆ, ಸರದಿ ಕಪ್ಪಿಗೆ ದಾಟುತ್ತದೆ. ಕೊನೆಗೆ ಮೂರೂ ಕಾಯಿಗಳನ್ನು ಎಚ್ ಸಾಲಿಗೆ ಸರಿಸಿ: ಎಚ್4, ಎಚ್2, ಎಚ್6. ಏನು ಮಾಡಿದರೂ ಡ್ರಾ. ಅಂಚಿನ ಪಾನ್ ಆದ್ದರಿಂದ ಕಪ್ಪು ರಾಜ ಮೂಲೆ ಹಿಡಿದು ಕೂತರೆ ಮುಗಿಯಿತು.

ಪ್ರತಿ ಸಲವೂ ಕಾಯಿ ಮುಟ್ಟುವ ಮೊದಲು "ಗೆಲುವಾ, ಡ್ರಾನಾ?" ಅಂತ ಬಾಯಿಬಿಟ್ಟು ಹೇಳಿಸಿ. ಆಮೇಲೆ ಕೊನೇ ತನಕ ಆಡಿಸಿ, ಪಾನ್ ಕ್ವೀನ್ ಆಗುವವರೆಗೆ ಅಥವಾ ಸ್ಟೇಲ್‌ಮೇಟ್ ಆಗುವವರೆಗೆ. ನಂತರ ಬೋರ್ಡ್ ತಿರುಗಿಸಿ ಪಾನ್ ಇಲ್ಲದ ಕಡೆ ಅವಳನ್ನು ಕೂರಿಸಿ. ಡ್ರಾ ಉಳಿಸಿಕೊಳ್ಳುವುದೂ ಅರ್ಧ ಅಂಕವೇ, ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡುವುದೇ ಇಲ್ಲ. ಒಂದು ಸಂಜೆಗೆ ಮೂರು ಪೊಸಿಷನ್ (ಕಾಯಿಗಳ ಜೋಡಣೆ), 20 ನಿಮಿಷ ಸಾಕು. ವಾರ ಬಿಟ್ಟು ಅವನ್ನೇ ಮತ್ತೆ ಇಡಿ.

ನಿಮಗೆ ಚೆಸ್ ಅಷ್ಟಾಗಿ ಬರುವುದಿಲ್ಲ ಅಂದಿದ್ದೀರಿ. ಚಿಂತೆ ಬೇಡ. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ಟೇಬಲ್‌ಬೇಸ್ (ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳ ಕೋಶ) ಪುಕ್ಕಟೆ ಸಿಗುತ್ತದೆ. ರಾಜರನ್ನೂ ಸೇರಿಸಿ 7 ಕಾಯಿಗಳವರೆಗಿನ ಪೊಸಿಷನ್‌ಗೆ ಗೆಲುವೋ ಡ್ರಾನೋ ಅಂತ ಅದು ತಪ್ಪಿಲ್ಲದೆ ಹೇಳುತ್ತದೆ. ನೀವು ನೋಡಿಟ್ಟುಕೊಳ್ಳಿ, ಅವಳಿಗೆ ತೋರಿಸಬೇಡಿ. ಪಾನ್ ಎಂಡಿಂಗ್ ಕೈ ಹತ್ತಿದ ಮೇಲೆ ರೂಕ್ (ಆನೆ) ಎಂಡಿಂಗ್‌ಗೆ ಹೋಗಿ. ಲುಸೇನಾ, ಫಿಲಿಡೋರ್ ಅನ್ನುವ ಹೆಸರಾಂತ ಎರಡೇ ಪೊಸಿಷನ್ ಮೊದಲು, ಒಂದು ಗೆಲ್ಲುವುದಕ್ಕೆ, ಇನ್ನೊಂದು ಡ್ರಾ ಮಾಡುವುದಕ್ಕೆ.

ಒಂದು ದಿನ ಅವಳು ಖುಷಿಯಾಗಿರುವಾಗ ಚೆಸ್ ಆಟಗಾರ ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಪೊಸಿಷನ್ ಇಡಿ: ಬಿಳಿ ರಾಜ ಎಚ್8, ಪಾನ್ ಸಿ6. ಕಪ್ಪು ರಾಜ ಎ6, ಪಾನ್ ಎಚ್5. ಬಿಳಿ ನಡೆ, ಡ್ರಾ ಮಾಡಬೇಕು. ಕಪ್ಪು ಪಾನ್ ಎಷ್ಟೋ ಮುಂದಿದೆ, ಹಿಡಿಯಲು ಸಾಧ್ಯವೇ ಇಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ರಾಜ ಓರೆಯಾಗಿ ನಡೆದರೆ ಒಂದೇ ಹೆಜ್ಜೆಯಲ್ಲಿ ಎರಡೂ ಪಾನ್‌ಗಳ ಹತ್ತಿರ ಹೋಗುತ್ತಾನೆ, ಗುಟ್ಟು ಅದು. ಅವಳು ತಾನಾಗಿ ಜಿ7ರ ಮೇಲೆ ಬೆರಳಿಡುವವರೆಗೆ ಎಷ್ಟು ದಿನವಾದರೂ ಆಗಲಿ, ಆ ಬೋರ್ಡ್ ಹಾಗೇ ಟೇಬಲ್ ಮೇಲೆ ಇರಲಿ.