ಬಾಣವಿಲ್ಲದೆ ಬಿಟ್ಟ ಕಾಂಪೌಂಡ್ ಬಿಲ್ಲನ್ನು ಮತ್ತೆ ಎಳೆಯಬಹುದಾ?

ನಿಮ್ಮ ತಮ್ಮ ಬಾಣ ಹಾಕದೆ 60 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲನ್ನು (ತುದಿಗಳಲ್ಲಿ ಚಕ್ರವಿರುವ ಬಿಲ್ಲು) ಎಳೆದು ಬಿಟ್ಟಿದ್ದಾನೆ, ದೊಡ್ಡ ಸದ್ದು ಬಂತು, ಹೊರಗೆ ಏನೂ ಆದ ಹಾಗೆ ಕಾಣ್ತಿಲ್ಲ, ಒಂದ್ಸಲ ಎಳೆದು ನೋಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅರ್ಧದವರೆಗೂ ಬೇಡ. ಮೊದಲು ಅವನ ಕೈ, ಮುಖಕ್ಕೆ ಪೆಟ್ಟಾಗಿದೆಯಾ ನೋಡಿ. ಬಿಲ್ಲಿನ ವಿಷಯ ಆಮೇಲೆ.

ಸರಿಯಾಗಿ ಬಿಟ್ಟಾಗ ಲಿಂಬ್‌ಗಳಲ್ಲಿ, ಅಂದರೆ ಬಿಲ್ಲಿನ ಬಾಗುವ ತೋಳುಗಳಲ್ಲಿ, ತುಂಬಿಟ್ಟ ಶಕ್ತಿಯ ಬಹುಪಾಲನ್ನು ಬಾಣ ಹೊತ್ತುಕೊಂಡು ಹೋಗುತ್ತದೆ. ಬಾಣವೇ ಇಲ್ಲದಿದ್ದರೆ ಆ ಏಟು ಪೂರ್ತಿ ಲಿಂಬ್, ಕ್ಯಾಮ್ (ತುದಿಯ ಚಕ್ರ), ಆಕ್ಸಲ್ (ಆ ಚಕ್ರದ ಅಚ್ಚು), ಕೇಬಲ್‌ಗಳ ಮೇಲೇ ಬೀಳುತ್ತದೆ. ತುಂಬಿದೆ ಅಂದುಕೊಂಡು ಖಾಲಿ ಬಿಂದಿಗೆಯನ್ನು ಜೋರಾಗಿ ಎತ್ತಿದರೆ ತೋಳು ಹೇಗೆ ಜಗ್ಗುತ್ತದೆ, ಹಾಗೆ. ತುಂಬ ಹಗುರ ಬಾಣವೂ ಬಿಲ್ಲಿಗೆ ಒಳ್ಳೆಯದಲ್ಲ. ಬಿಲ್ಲಿನ ಎಳೆತದ ಪ್ರತಿ ಪೌಂಡಿಗೆ ಬಾಣದ ತೂಕ ಕನಿಷ್ಠ 5 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ ನಿಮ್ಮ ಬಿಲ್ಲಿಗೆ 300 ಗ್ರೇನ್, ಸುಮಾರು 19 ಗ್ರಾಂ.

ಈಗ ಬಿಲ್ಲನ್ನು ಒಳ್ಳೆ ಬೆಳಕಿನಲ್ಲಿ ಮೇಜಿನ ಮೇಲಿಡಿ. ಸ್ಟ್ರಿಂಗ್ ಕ್ಯಾಮ್‌ನ ತೋಡಿನಿಂದ ಹೊರಗೆ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಸ್ಕ್ರೂಡ್ರೈವರ್ ಹಾಕಿ ಒಳಗೆ ತಳ್ಳುವ ಕೆಲಸ ಖಂಡಿತ ಬೇಡ, ಅದರಲ್ಲಿ ಇನ್ನೂ ಬಿಗಿ ಇರುತ್ತದೆ. ಜಾಗದಲ್ಲೇ ಇದ್ದರೆ ಒಂದು ತುಂಡು ಹತ್ತಿ ತಗೊಂಡು ಲಿಂಬ್‌ಗಳ ಅಂಚಿನುದ್ದಕ್ಕೂ ನಿಧಾನವಾಗಿ ಸವರಿ. ಆಕ್ಸಲ್ ಕೂರುವ ತುದಿಯಲ್ಲಿ, ಲಿಂಬ್ ಹಿಡಿಗೆ ಸೇರುವ ಕಡೆ ಎರಡೆರಡು ಸಲ. ಫೈಬರ್‌ಗ್ಲಾಸ್ ಸೀಳು ಕಣ್ಣಿಗೆ ಕೂದಲೆಳೆಯಷ್ಟೂ ಕಾಣದಿರಬಹುದು, ಆದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳಲ್ಲಿ ಸವರಬೇಡಿ, ಸಿಬಿರು ಚುಚ್ಚಿದರೆ ತೆಗೆಯುವುದು ಕಷ್ಟ. ಆಮೇಲೆ ಕ್ಯಾಮ್ ಅಂಚು ಬಾಗಿದೆಯಾ, ಕೇಬಲ್‌ನ ಎಳೆ ಕಿತ್ತಿದೆಯಾ ನೋಡಿ.

ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ ಅಂದಮಾತ್ರಕ್ಕೆ ಬಿಲ್ಲು ಸರಿ ಇದೆ ಅಂತ ಅಲ್ಲ. ಬಾಗಿದ ಆಕ್ಸಲ್ ಹೊರಗಿನಿಂದ ಗೊತ್ತಾಗುವುದಿಲ್ಲ, ಲಿಂಬ್‌ನ ಒಳಪದರದ ಬಿರುಕೂ ಅಷ್ಟೇ. ಅದು ಎಷ್ಟೋ ದಿನ ಸುಮ್ನೆ ಇದ್ದು, ನೀವು ಪೂರ್ತಿ ಎಳೆದು ಕೆನ್ನೆಗೆ ತಂದಾಗ ಒಡೆಯಬಹುದು. ನನಗೆ ಭಯ ಇರುವುದು ಇದಕ್ಕೇ. ಹಾಗಾಗಿ ಬೋ ಪ್ರೆಸ್ (ಬಿಲ್ಲನ್ನು ಒತ್ತಿ ಹಿಡಿದು ಬಿಗಿ ಸಡಿಲಿಸುವ ಯಂತ್ರ) ಇರುವ ಕ್ಲಬ್ ಅಥವಾ ಅಂಗಡಿಗೆ ಒಯ್ದು ಬಿಚ್ಚಿಸಿ ನೋಡಿಸಿ. ಏನಾಯ್ತು ಅಂತ ಮುಚ್ಚಿಡದೆ ಹೇಳಿ, ಆಗ ಅವರು ಎಲ್ಲಿ ಹುಡುಕಬೇಕೋ ಅಲ್ಲೇ ಹುಡುಕುತ್ತಾರೆ. ಡ್ರೈ ಫೈರ್‌ಗೆ, ಅಂದರೆ ಹೀಗೆ ಬಾಣವಿಲ್ಲದೆ ಬಿಟ್ಟದ್ದಕ್ಕೆ, ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಲಿಂಬ್ ಹೋಗಿದ್ದರೆ ಒಂದನ್ನೇ ಬದಲಿಸಬೇಡಿ, ಹೊಂದುವ ಸೆಟ್ ಹಾಕಿಸಿ.

ತಮ್ಮನನ್ನು ಜಾಸ್ತಿ ಬೈಯಬೇಡಿ. ಈ ಬಿಲ್ಲು ಮೋಸ ಮಾಡುವುದೇ ಹೀಗೆ. 80 ಶೇಕಡಾ ಲೆಟ್-ಆಫ್ (ಪೂರ್ತಿ ಎಳೆದಾಗ ಭಾರ ಇಳಿಯುವ ಪ್ರಮಾಣ) ಇದ್ದರೆ ಪೂರ್ತಿ ಎಳೆದಾಗ ಕೈಯಲ್ಲಿ ಉಳಿಯುವುದು 12 ಪೌಂಡ್ ಅಷ್ಟೇ, ಆರಾಮಾಗಿದೆ ಅನಿಸುತ್ತದೆ. ವಾಪಸ್ ಬಿಡಲು ಸ್ವಲ್ಪ ಮುಂದೆ ಹೋದರೆ ಭಾರ ಒಮ್ಮೆಲೇ 60ರ ಕಡೆ ಏರಿ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಆಗ ಬೆರಳು ರಿಲೀಸ್‌ನ (ಸ್ಟ್ರಿಂಗ್ ಹಿಡಿದು ಬಿಡುವ ಸಾಧನ) ಟ್ರಿಗರ್‌ಗೆ ತಾಗಿದರೆ ಮುಗೀತು.

ಬಾಣ ಹಾಕಿದ್ದರೂ ಹೀಗಾಗಬಹುದು. ಗುರಿಯಲ್ಲಿ ಒಂದು ಬಾಣದ ಹಿಂದೆ ಇನ್ನೊಂದು ಬಡಿದರೆ ನಾಕ್ (ಬಾಣದ ಹಿಂತುದಿಯಲ್ಲಿ ಸ್ಟ್ರಿಂಗ್ ಕೂರುವ ಕಚ್ಚು) ಸೀಳುತ್ತದೆ. ಅದೇ ನಾಕ್‌ನಲ್ಲಿ ಮತ್ತೆ ಬಿಟ್ಟರೆ ಬಾಣ ಕಾಲಬುಡಕ್ಕೆ ಬೀಳುತ್ತದೆ, ಬಿಲ್ಲು ಖಾಲಿ ಹೊಡೆಯುತ್ತದೆ. ಬಿಲ್ಲು ರಿಪೇರಿಯಲ್ಲಿರುವಾಗ ನಿಮ್ಮ ಬಾಣಗಳ ನಾಕ್‌ಗಳನ್ನೆಲ್ಲ ಒಂದ್ಸಲ ತಿರುಗಿಸಿ, ಒತ್ತಿ ನೋಡಿಬಿಡಿ.