ಪ್ರಾರ್ಥನೆಯಲ್ಲಿ ಹೊರಬಿದ್ದ ಗುಟ್ಟು

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಹುಡುಗಿಯ ಪ್ರಕರಣ ಇದು, ಬರೆಯಲು ಅವಳ ಒಪ್ಪಿಗೆ ಇದೆ. ಬರೆದದ್ದನ್ನು ಮೊದಲು ಓದಿದ್ದೂ ಅವಳೇ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟೇ ಬಿಟ್ಟಿದ್ದೇನೆ.

ಇಪ್ಪತ್ತು ದಾಟಿದ ಹುಡುಗಿ. ಓದು ಮುಗಿಸಿ ಒಂದು ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸೇವೆಯ ಇಂಟರ್ನ್ ಆಗಿ ಸೇರಿದ್ದಳು. ಇಂಟರ್ನ್ ಅಂದರೆ ಗೊತ್ತಲ್ಲ, ಎಲ್ಲಾ ಕೆಲಸ ಅವರದ್ದೇ. ಭಾನುವಾರ ಕುರ್ಚಿ ಹಾಕುವುದರಿಂದ ಹಿಡಿದು ಹಾಡಿನ ತಂಡ, ಮಕ್ಕಳ ತರಗತಿ, ಆಸ್ಪತ್ರೆ ಭೇಟಿ, ಬೈಬಲ್ ಅಧ್ಯಯನದವರೆಗೆ. ಕೊನೆಯಲ್ಲಿ ಪಾಸ್ಟರ್ ಮತ್ತು ತಂಡದ ನಾಯಕ ಕೂತು ಯಾರು ಪೂರ್ಣಾವಧಿ ಸೇವೆಗೆ ತಕ್ಕವರು, ಯಾರು ಅಲ್ಲ ಎಂದು ತೀರ್ಮಾನಿಸುತ್ತಾರೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

"ನನ್ನ ವಿಶ್ವಾಸ ಹೋಗಿಬಿಟ್ಟಿದೆ ಮೇಡಂ. ನನಗೆ ಕರೆಯೇ ಇರಲಿಲ್ಲ ಅನ್ನಿಸುತ್ತೆ" ಎನ್ನುತ್ತಾ ಬಂದಳು. ಕರೆ ಅಂದರೆ ದೇವರೇ ತನ್ನನ್ನು ಈ ಸೇವೆಗೆ ಕರೆದಿದ್ದಾನೆ ಎಂಬ ನಂಬಿಕೆ. ಪ್ರಾರ್ಥನೆಗೆ ಕೂತರೆ ಎದೆ ಡವಡವ. ಜೊತೆಯ ಇಂಟರ್ನ್‌ಗಳ ಫೋನ್ ಎತ್ತುತ್ತಿಲ್ಲ. ಹಾಡಿನ ಅಭ್ಯಾಸಕ್ಕೆ ಏನಾದರೂ ನೆಪ. ಇವುಗಳ ಜೊತೆಗೆ ತಲೆ ಸುತ್ತು, ರಾತ್ರಿಯೆಲ್ಲ ವಿಚಿತ್ರ ಕನಸು, ಇದ್ದಕ್ಕಿದ್ದಂತೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುವುದು. ಎಲ್ಲವನ್ನೂ ಅವಳು ಆತ್ಮಿಕ ಹೋರಾಟದ ಲೆಕ್ಕಕ್ಕೆ ಸೇರಿಸಿದ್ದಳು.

ಕರೆಂಟ್ ಅಂದ ಕೂಡಲೇ ನಾನು ಕೇಳಿದೆ: "ಯಾವುದಾದರೂ ಮಾತ್ರೆ ತಗೊಳ್ತಿದ್ರಾ? ಈಚೆಗೆ ನಿಲ್ಲಿಸಿದ್ರಾ?"

"ನಿಮಗೆ ಯಾರು ಹೇಳಿದ್ರು?" ಅವಳು ಬೆಚ್ಚಿಬಿದ್ದಳು. ಸುದ್ದಿ ನನ್ನವರೆಗೂ ಬಂದಿದೆ ಎಂದೇ ಅವಳ ಅನುಮಾನ. ಯಾರೂ ಹೇಳಿಲ್ಲ, ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ ಕತೆ ಹೊರಗೆ ಬಂತು.

ಅದು ಇಂಟರ್ನ್‌ಗಳೆಲ್ಲ ಸೇರಿ ಹೋದ ವಾರಾಂತ್ಯದ ಔಟ್‌ರೀಚ್, ಅಂದರೆ ಹೊರಗೆ ಹೋಗಿ ಮಾಡುವ ಸೇವೆ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್. ವೃದ್ಧಾಶ್ರಮಕ್ಕೆ ಭೇಟಿ, ಮಕ್ಕಳಿಗೆ ಆಟ, ಸಂಜೆ ಹಾಡು ಮತ್ತು ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು. ಕೆಲಸ ಅವಳಿಗೆ ತುಂಬಾ ಹಿಡಿಸಿತ್ತು. ಮಾತು ಬಿಟ್ಟೇ ಹೋಗಿದ್ದ ಒಬ್ಬ ಅಜ್ಜಿಯ ಪಕ್ಕ ಬಹಳ ಹೊತ್ತು ಕೂತಿದ್ದನ್ನು ನನಗೆ ಹೇಳುವಾಗ ಅವಳ ಧ್ವನಿಯೇ ಬೇರೆ ಇತ್ತು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಕರೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಅದು ನನ್ನ ಕ್ಷೇತ್ರವೂ ಅಲ್ಲ. ಆದರೆ ಕೆಲಸದಲ್ಲಿ ಸೋತು ಬಂದವಳು ಇವಳಲ್ಲ.

ಮೊದಲ ರಾತ್ರಿ ಅವಳ ಜೊತೆ ಕೋಣೆಯಲ್ಲಿದ್ದದ್ದು ಇನ್ನೊಬ್ಬ ಇಂಟರ್ನ್, ಒಳ್ಳೆಯ ಗೆಳತಿ. ಮಲಗಿದ ಮೇಲೆ ಮಾತು ಶುರುವಾಗಿ ಎಲ್ಲೆಲ್ಲಿಗೋ ಹೋಗಿ ಕೊನೆಗೆ ಇವಳು ಹೇಳಿಬಿಟ್ಟಳು: ಕಾಲೇಜಿನಲ್ಲಿದ್ದಾಗ ಪ್ಯಾನಿಕ್ ಅಟ್ಯಾಕ್ ಆಗುತ್ತಿತ್ತು, ಮನೋವೈದ್ಯರ ಹತ್ತಿರ ಹೋದೆ, ಈಗಲೂ ದಿನಕ್ಕೊಂದು ಮಾತ್ರೆ ಇದೆ, ಅದರಿಂದ ಚೆನ್ನಾಗಿದ್ದೇನೆ.

"ಯಾರಿಗೂ ಹೇಳಬೇಡ ಅಂದಿದ್ರಾ?" ಎಂದು ಕೇಳಿದೆ.

"ಬಾಯಿಬಿಟ್ಟು ಹೇಳಬೇಕಾ ಮೇಡಂ? ಲೈಟ್ ಆರಿಸಿದ ಮೇಲೆ ಹೇಳಿದ ಮಾತು ಅದು."

ಎರಡನೇ ರಾತ್ರಿ ಎಲ್ಲರೂ ಸುತ್ತ ಕೂತರು. ಪಕ್ಕದವರಿಗಾಗಿ ಒಬ್ಬೊಬ್ಬರೂ ಜೋರಾಗಿ ಪ್ರಾರ್ಥಿಸಿ ಎಂದ ನಾಯಕ. ಗೆಳತಿ ಇವಳ ಹೆಗಲ ಮೇಲೆ ಕೈಯಿಟ್ಟು, ಕಣ್ಣೀರು ಹಾಕುತ್ತಾ, ಕರ್ತನೇ, ನನ್ನ ಸಹೋದರಿಯನ್ನು ಆ ಮಾತ್ರೆಗಳ ಬಂಧನದಿಂದ ಬಿಡಿಸು ಎಂದಳು. ಎಲ್ಲರೂ ಆಮೆನ್ ಅಂದರು. ಇವಳೂ ಅಂದಳು. ಇನ್ನೇನು ಮಾಡಬೇಕಿತ್ತು? ಆಮೇಲೆ ಇಬ್ಬರು ಬಂದು ತಮಗೆ ಔಷಧಿಯಿಲ್ಲದೆಯೇ ಹೇಗೆ ಗುಣವಾಯಿತು ಎಂದು ಸಾಕ್ಷಿ ಹೇಳಿ ಹೋದರು. ನಾಯಕ ಬಂದು ಧೈರ್ಯವಾಗಿರು ಎಂದ. ಭಾನುವಾರ ಪೂರ್ತಿ ಎಲ್ಲರೂ ಅವಳ ಜೊತೆ ಎಂದಿಗಿಂತ ಜಾಸ್ತಿ ಮೆತ್ತಗೆ ಮಾತಾಡಿದರು, ಅವಳ ಚೀಲ ಎತ್ತಿಕೊಟ್ಟರು, ಮಕ್ಕಳ ಆಟ ನಡೆಸುವ ಸರದಿ ಬಂದಾಗ "ನೀನು ಸುಸ್ತಾಗಿರ್ತೀಯ, ಬೇರೆಯವರು ಮಾಡ್ತಾರೆ" ಎಂದು ಅದನ್ನೂ ತಪ್ಪಿಸಿದರು. ಸೋಮವಾರದಿಂದ ಅವಳು ಮಾತ್ರೆ ಮುಟ್ಟಲಿಲ್ಲ.

ಈಗ ಒಂದು ಕ್ಷಣ ಯೋಚಿಸಿ. ಅದೇ ಗೆಳತಿ ಊಟದ ಮೇಜಿನಲ್ಲಿ ಎಲ್ಲರ ಮುಂದೆ "ಇವಳು ಮಾನಸಿಕ ಮಾತ್ರೆ ತಗೋತಾಳೆ" ಅಂದಿದ್ದರೆ? ಇವಳಿಗೆ ಕೋಪ ಬರುತ್ತಿತ್ತು. ನಾಲ್ಕು ಜನ ಗೆಳತಿಯನ್ನೇ ಬೈಯುತ್ತಿದ್ದರು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅದೇ ಮಾತು ಪ್ರಾರ್ಥನೆಯಾಗಿ ಬಂದಾಗ ಕೋಪಕ್ಕೆ ದಾರಿಯೇ ಇಲ್ಲ, ಯಾಕೆಂದರೆ ತನಗಾಗಿ ಅತ್ತು ಪ್ರಾರ್ಥಿಸಿದವಳ ಮೇಲೆ ಕೋಪ ಮಾಡಿಕೊಳ್ಳುವವಳು ಎಂಥ ವಿಶ್ವಾಸಿ ಅಲ್ವಾ? ಹಾಗಾಗಿ ಕೋಪ ಒಳಗೇ ತಿರುಗಿತು. ತಪ್ಪು ನನ್ನಲ್ಲೇ ಇದೆ, ನನ್ನ ವಿಶ್ವಾಸವೇ ಪೊಳ್ಳು ಎಂಬಲ್ಲಿಗೆ ಬಂದು ನಿಂತಿತು. ಇಂಥವರಿಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುವ ಪ್ರೇಯರ್ ರಿಕ್ವೆಸ್ಟ್ ಓಡುವ ವೇಗದಲ್ಲಿ ಯಾವ ಗಾಸಿಪ್ಪೂ ಓಡುವುದಿಲ್ಲ. ಇದು ನನ್ನ ಕೊಂಕಲ್ಲ, ನನ್ನ ಹತ್ತಿರ ಬರುವ ವಿಶ್ವಾಸಿಗಳೇ ನಗುತ್ತಾ ಹೇಳುವುದು.

ವಿಶ್ವಾಸ, ಗೆಳತಿ, ಕರೆ, ಎಲ್ಲವನ್ನೂ ಆ ದಿನ ಪಕ್ಕಕ್ಕಿಟ್ಟೆವು. ಮೊದಲು ಮಾತ್ರೆ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ತುಂಬಾ ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಇಲ್ಲ ಎಂದಳು. ನನ್ನ ಕೋಣೆಯಿಂದಲೇ ಅವಳ ಮನೋವೈದ್ಯರಿಗೆ ಫೋನ್ ಮಾಡಿಸಿದೆ. ಬಿಟ್ಟ ಮಾತ್ರೆಯನ್ನು ಮತ್ತೆ ಯಾವಾಗ, ಎಷ್ಟರಿಂದ ಶುರು ಮಾಡಬೇಕು ಎಂದು ಹೇಳಬೇಕಾದವರು ಅವರು, ನಾನಲ್ಲ, ಅವಳೂ ಅಲ್ಲ.

ಅವಳು ತೆಗೆದುಕೊಳ್ಳುತ್ತಿದ್ದದ್ದು ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ. ಆತಂಕಕ್ಕೂ ಖಿನ್ನತೆಗೂ ಕೊಡುವಂಥದ್ದು. ಪರಿಣಾಮ ಕಾಣಲು ಹಲವು ವಾರ ಬೇಕು. ಗುಣವಾಯಿತು ಅನ್ನಿಸಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ, ಎಷ್ಟೋ ಜನರಿಗೆ ಅದಕ್ಕಿಂತ ಜಾಸ್ತಿ. ಬಿಡುವಾಗ ನಿಧಾನವಾಗಿ ಪ್ರಮಾಣ ಇಳಿಸುತ್ತಾ ಬರಬೇಕು. ಒಮ್ಮೆಲೇ ನಿಲ್ಲಿಸುವುದು ಮೆಟ್ಟಿಲು ಇಳಿಯುವ ಬದಲು ಮಹಡಿಯಿಂದ ಹಾರಿದ ಹಾಗೆ. ಕೆಲವೇ ದಿನಗಳಲ್ಲಿ ತಲೆ ಸುತ್ತು, ವಾಕರಿಕೆ, ನಿದ್ದೆಗೇಡು, ಸಿಡುಕು, ಅವಳು ಹೇಳಿದ ಆ ಕರೆಂಟಿನ ಅನುಭವ ಬರಬಹುದು. ಹಳೆಯ ಆತಂಕವೂ ಮರಳಬಹುದು. "ಹಾಗಾದರೆ ಇದು ಚಟವೇ ಅಲ್ವಾ?" ಎಂದು ಕೇಳಿದಳು. ಅಲ್ಲ. ಚಟದಲ್ಲಿ ಇನ್ನೂ ಬೇಕು, ಇನ್ನೂ ಬೇಕು ಎಂಬ ಹಪಾಹಪಿ ಇರುತ್ತದೆ, ಅದಕ್ಕಾಗಿ ಮನುಷ್ಯ ಬೇರೆಲ್ಲವನ್ನೂ ಬಿಡುತ್ತಾನೆ. ಇಲ್ಲಿ ದೇಹ ಒಂದಕ್ಕೆ ಹೊಂದಿಕೊಂಡಿದೆ, ಅದಿಲ್ಲದೆ ಹೊಂದಿಕೊಳ್ಳಲು ಸಮಯ ಕೇಳುತ್ತದೆ, ಅಷ್ಟೇ. ಆ ವಾರಾಂತ್ಯದಲ್ಲಿ ನಿದ್ದೆಯೂ ಸರಿಯಾಗಿ ಆಗಿರಲಿಲ್ಲ, ಬೆಳಿಗ್ಗೆ ಬೇಗ ಏಳುವುದು, ಮಲಗುವಾಗ ನಡುರಾತ್ರಿ. ಆತಂಕದ ಕಾಯಿಲೆ ಇರುವವರಿಗೆ ನಿದ್ದೆ ಕೆಟ್ಟರೆ ಅರ್ಧ ಕಾಯಿಲೆ ಅಲ್ಲೇ ಎದ್ದು ಕೂರುತ್ತದೆ.

ಇನ್ನೊಂದು ಮಾತು ಅವತ್ತೇ ಹೇಳಿದೆ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ, ಮಕ್ಕಳಿಗೆ ತೊಂದರೆ, ನ್ಯಾಯಾಲಯದ ಆದೇಶ, ಇಂಥ ಸಂದರ್ಭ ಬಂದರೆ ಮಾತ್ರ ನಾನು ಬಾಯಿಬಿಡಬೇಕಾಗಬಹುದು, ಆಗಲೂ ಸಾಧ್ಯವಾದರೆ ಮೊದಲು ನಿಮಗೆ ಹೇಳಿಯೇ. ಇದು ಆಪ್ತಸಲಹೆಯಲ್ಲಿ ಮೊದಲ ದಿನದ ಮಾತು. ಆದರೆ ಅವಳಿಗೆ ಹೊಸದು. ಸುತ್ತ ಕೂರಿಸಿ ಮನಸ್ಸು ಬಿಚ್ಚಿ ಎಂದವರು ಬಿಚ್ಚಿದ್ದು ಎಲ್ಲಿಯವರೆಗೆ ಹೋಗುತ್ತದೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ನಾನು ಅವರ ಸಭೆಯವಳಲ್ಲ, ಬೈಬಲ್ ವ್ಯಾಖ್ಯಾನ ಮಾಡಲು ಹೋಗುವುದಿಲ್ಲ. ಹಾಗಾಗಿ ಔಷಧಿಯ ಬಗ್ಗೆ ನಿಮ್ಮ ಗ್ರಂಥ ಏನು ಹೇಳುತ್ತದೆ ಎಂದು ನೀವೇ ನೋಡಿ ಎಂದಷ್ಟೇ ಹೇಳಿ ಕಳಿಸಿದ್ದೆ. ಮುಂದಿನ ಭೇಟಿಗೆ ಬೈಬಲಿನ 2 ಅರಸುಗಳು ಪುಸ್ತಕದ 20ನೇ ಅಧ್ಯಾಯ ಹಿಡಿದುಕೊಂಡು ಬಂದಳು. ಸಾಯುವ ಸ್ಥಿತಿಯಲ್ಲಿದ್ದ ರಾಜ ಹಿಜ್ಕೀಯ ಪ್ರಾರ್ಥಿಸುತ್ತಾನೆ, ಗುಣಪಡಿಸುತ್ತೇನೆ ಎಂದು ದೇವರು ಹೇಳಿಯೂ ಆಗುತ್ತದೆ, ಆಮೇಲೆ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸುತ್ತಾನೆ. "ಪ್ರಾರ್ಥನೆ ಕೇಳಿದ್ದಾಯ್ತು, ಅಂಜೂರ ಯಾಕೆ ಅಂತ ಯಾರೂ ಕೇಳಲಿಲ್ಲ ನೋಡಿ ಮೇಡಂ" ಎಂದಳು. ಸಿಟ್ಟಿನಲ್ಲೇ ಹೇಳಿದಳು. ಆ ಸಿಟ್ಟು ನೋಡಿ ನನಗೆ ಸಮಾಧಾನವಾಯಿತು.

ಗೆಳತಿಯ ಜೊತೆ ಮಾತಾಡುವುದು ಮುಂದಿನ ಕೆಲಸ. ಮನನೋಯಿಸಿದವರ ಹತ್ತಿರ ಮೊದಲು ಒಬ್ಬಳೇ ಹೋಗಿ ಮಾತಾಡಬೇಕೆಂಬ, ಬೈಬಲಿನ ಮತ್ತಾಯ 18ನೇ ಅಧ್ಯಾಯದ ಮಾತು ಅವಳಿಗೆ ಬಾಯಿಪಾಠ, ಆದರೆ ಅದನ್ನು ತನ್ನ ನೋವಿಗೂ ಬಳಸಬಹುದು ಎಂದು ಹೊಳೆದಿರಲಿಲ್ಲ. ನಾವು ವಾಕ್ಯ ವಾಕ್ಯವಾಗಿ ಅಭ್ಯಾಸ ಮಾಡಿದೆವು. "ನೀನು ಪ್ರೀತಿಯಿಂದಲೇ ಮಾಡಿದೆ ಅಂತ ಗೊತ್ತು" ಎಂದು ಶುರು ಮಾಡುತ್ತೇನೆ ಎಂದಳು. ಬೇಡ ಎಂದೆ. ಹಾಗೆ ಶುರು ಮಾಡಿದರೆ ಎದುರಿನವರು ಅಲ್ಲೇ ತಬ್ಬಿಕೊಂಡು ಮಾತು ಮುಗಿಸಿಬಿಡುತ್ತಾರೆ. ಹೇಳಬೇಕಾದ್ದು ಇಷ್ಟು: ನಿನಗೆ ಮಾತ್ರ ಹೇಳಿದ್ದನ್ನು ಎಲ್ಲರ ಮುಂದೆ ಹೇಳಿದೆ, ನನಗೆ ನೋವಾಯಿತು, ಇನ್ನು ಮುಂದೆ ನನ್ನ ಆರೋಗ್ಯದ ವಿಷಯ ನನ್ನನ್ನು ಕೇಳದೆ ಎಲ್ಲೂ ಎತ್ತಬೇಡ, ಪ್ರಾರ್ಥನೆಯಲ್ಲೂ. ಮೆಸೇಜಿನಲ್ಲಿ ಬೇಡ, ಎದುರು ಕೂತು. ಗೆಳತಿ ಕ್ಷಮೆ ಕೇಳಿದರೆ ಆ ಕ್ಷಣವೇ ಎಲ್ಲ ಸರಿಹೋಯಿತು ಎನ್ನಬೇಕಿಲ್ಲ.

ಗೆಳತಿ ಅತ್ತಳು. ಆಮೇಲೆ ಸ್ವಲ್ಪ ಬಿರುಸಾಗಿಯೇ, "ಹಾಗಾದ್ರೆ ಇನ್ನು ನಿನಗಾಗಿ ಪ್ರಾರ್ಥನೆ ಮಾಡೋಕೂ ಪರ್ಮಿಷನ್ ಬೇಕಾ?" ಎಂದಳಂತೆ. ಇವಳ ಉತ್ತರ: "ಮಾಡೋಕೆ ಬೇಡ, ಜೋರಾಗಿ ಮಾಡೋಕೆ ಬೇಕು." ಇದು ನಾವು ಅಭ್ಯಾಸ ಮಾಡಿದ್ದಲ್ಲ.

ನಿಜವಾಗಿ ಕಷ್ಟವಾದದ್ದು ನಾಯಕನ ವಿಷಯ. ರಾತ್ರಿ ನಿಮ್ಮ ಒಳಮಾತು ಕೇಳುವವನೂ ಅವನೇ, ಕೊನೆಯಲ್ಲಿ ನೀವು ಸೇವೆಗೆ ತಕ್ಕವರೋ ಎಂದು ಅಭಿಪ್ರಾಯ ಬರೆಯುವವನೂ ಅವನೇ. ಒಳ್ಳೆಯವನೇ ಇರಬಹುದು. ಆದರೂ ಈ ಎರಡು ಕೆಲಸ ಒಬ್ಬರ ಕೈಯಲ್ಲಿದ್ದರೆ ಕೆಳಗಿರುವವರು ಪೂರ್ತಿ ಸತ್ಯ ಹೇಳಲಾರರು, ಹೇಳಿದರೆ ನಿದ್ದೆ ಮಾಡಲಾರರು. ಇದು ಹೊಸ ತಲೆನೋವೂ ಅಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಹೇಳಬಾರದು ಎಂದು ಕಥೋಲಿಕ ಚರ್ಚಿನ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯೇ ಕಟ್ಟಳೆ ಮಾಡಿತ್ತು. ಕಥೋಲಿಕರ 1983ರ ಧರ್ಮಸಭಾ ಕಾನೂನು ಇನ್ನೂ ಮುಂದೆ ಹೋಗುತ್ತದೆ: ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಾದ ಸೆಮಿನರಿಯ ಮುಖ್ಯಸ್ಥರು ಅಲ್ಲೇ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ವಿದ್ಯಾರ್ಥಿ ತಾನಾಗಿ ಬಯಸಿದರೆ ಮಾತ್ರ ಕೇಳಬಹುದು. ಯಾರಿಗೆ ದೀಕ್ಷೆ ಕೊಡಬೇಕು, ಯಾರನ್ನು ಕಳಿಸಬೇಕು ಎಂದು ನಿರ್ಧರಿಸುವಾಗ ಅವರ ಆತ್ಮಿಕ ಮಾರ್ಗದರ್ಶಕರ ಅಭಿಪ್ರಾಯ ಕೇಳುವಂತೆಯೇ ಇಲ್ಲ. ಅವಳ ಸಭೆ ಕಥೋಲಿಕ ಅಲ್ಲ, ಸರಿ. ಆದರೆ ತಪ್ಪುಗಳನ್ನು ಪರಸ್ಪರ ಬಿಚ್ಚಿಡಲೆಂದೇ ಚಿಕ್ಕ ಗುಂಪು ಕಟ್ಟಿದ, ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ ಕೂಡ 1738ರ ನಿಯಮಗಳಲ್ಲಿ, ಸೇರುವ ಮೊದಲೇ, ನಿನ್ನ ತಪ್ಪುಗಳನ್ನು ನಿನಗೆ ಹೇಳುವುದು ನಿನಗೆ ಬೇಕೇ ಎಂದು ಕೇಳಿಸುತ್ತಿದ್ದರು. ಒಪ್ಪಿಗೆ ಮೊದಲು, ಬಿಚ್ಚುವುದು ಆಮೇಲೆ.

ನಾಯಕನ ಹತ್ತಿರ ಎರಡು ವಿಷಯ ಕೇಳಿ ಎಂದೆ. ಒಂದು, ಸುತ್ತ ಕೂತಾಗ ಬೇಡ ಎನ್ನಲು ಅವಕಾಶವಿರಲಿ, ಇನ್ನೊಬ್ಬರ ವಿಷಯ ಯಾರೂ ಎತ್ತದಿರಲಿ. ಇನ್ನೊಂದು, ಅವಳ ಆರೋಗ್ಯ ಮೌಲ್ಯಮಾಪನದೊಳಗೆ ಬರದಿರಲಿ. ಮೊದಲನೆಯದಕ್ಕೆ ಅವನು ಕೂಡಲೇ ಒಪ್ಪಿದ. ಎರಡನೆಯದಕ್ಕೆ, "ಹೊರಗೆ ಕರ್ಕೊಂಡು ಹೋಗುವಾಗ ನಮಗೆ ಗೊತ್ತಿರಬೇಡ್ವಾ?" ಎಂದ. ಈ ಪ್ರಶ್ನೆಯಲ್ಲಿ ನ್ಯಾಯ ಇದೆ. ಪ್ರಯಾಣದಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಯಾವ ಔಷಧಿ, ಯಾವ ಅಲರ್ಜಿ ಎಂದು ಒಬ್ಬರಿಗಾದರೂ ಗೊತ್ತಾಗಬೇಕು. ಅದಕ್ಕೆ ಎಲ್ಲಾ ಇಂಟರ್ನ್‌ಗಳೂ ವಿವರ ಬರೆದು ಲಕೋಟೆಯಲ್ಲಿ ಅಂಟಿಸಿ ಪ್ರಥಮ ಚಿಕಿತ್ಸೆ ನೋಡಿಕೊಳ್ಳುವವರ ಕೈಗೆ ಕೊಡಲಿ, ತುರ್ತಿದ್ದರೆ ಮಾತ್ರ ಒಡೆಯಲಿ, ವಾಪಸ್ ಬಂದ ಮೇಲೆ ಹಿಂದಿರುಗಿಸಲಿ ಎಂದು ಸೂಚಿಸಿದೆ. ಎಲ್ಲರೂ ಕೊಡುವುದು ಮುಖ್ಯ, ಇವಳೊಬ್ಬಳೇ ಕೊಟ್ಟರೆ ಲಕೋಟೆಯೇ ಸುದ್ದಿಯಾಗುತ್ತದೆ. ಲಕೋಟೆ ಜಾರಿಗೆ ಬಂದಿದೆ. ಮೌಲ್ಯಮಾಪನದ ಬಗ್ಗೆ ಪಾಸ್ಟರ್ ಬಾಯಿಮಾತಿನಲ್ಲಿ ಸರಿ ಎಂದಿದ್ದಾರೆ, ಬರವಣಿಗೆಯಲ್ಲಿ ಕೊಡಿ ಎಂದು ಕೇಳಲು ಅವಳಿಗೆ ಇನ್ನೂ ಹಿಂಜರಿಕೆ. ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮಾತ್ರೆ ಮತ್ತೆ ಶುರುವಾಗಿ ಕೆಲವು ವಾರಗಳಲ್ಲಿ ನಿದ್ದೆ ಸರಿಯಾಯಿತು, ಕರೆಂಟ್ ಹೊಡೆಯುವುದು ಅದಕ್ಕೂ ಮೊದಲೇ ನಿಂತಿತ್ತು. ಮುಂದಿನ ಔಟ್‌ರೀಚ್‌ಗೆ ಅವಳು ಹೋಗಲಿಲ್ಲ. ಅದರ ನಂತರದ್ದಕ್ಕೆ ಹೋದಳು, ಬೇರೆ ಕೋಣೆ ಕೇಳಿ ಪಡೆದುಕೊಂಡಳು, ಸುತ್ತ ಕೂತಾಗ ತನ್ನ ಸರದಿಯಲ್ಲಿ "ಈ ಸಲ ನನ್ನ ಬಗ್ಗೆ ಏನೂ ಇಲ್ಲ" ಎಂದು ಪಕ್ಕದವರಿಗೆ ಬಿಟ್ಟುಕೊಟ್ಟಳು. ಗೆಳತಿಯ ಜೊತೆ ಮಾತುಕತೆ ಇದೆ, ಮೊದಲಿನ ಸಲಿಗೆ ಇಲ್ಲ. ಕರೆಯ ಪ್ರಶ್ನೆಯನ್ನು ಆರೋಗ್ಯ ಒಂದು ಹದಕ್ಕೆ ಬರುವವರೆಗೆ ಮುಟ್ಟಬೇಡಿ ಎಂದಿದ್ದೆ. ಈಗ ಬಂದಿದೆ. ಪೂರ್ಣಾವಧಿ ಸೇವೆಗೆ ಅರ್ಜಿ ಹಾಕುವುದೋ, ಬೇರೆ ಕೆಲಸ ಹಿಡಿದು ಸಭೆಯಲ್ಲಿ ಬಿಡುವಿನ ವೇಳೆ ಸೇವೆ ಮಾಡುವುದೋ ಎಂಬುದನ್ನು ಮುಂದಿನ ಭೇಟಿಯಲ್ಲಿ ಎತ್ತಿಕೊಳ್ಳುತ್ತೇವೆ.