ನಿಮ್ಮ ಕಥೆಗಿಂತ ನಿಮ್ಮ ಪತ್ರವೇ ಚೆನ್ನಾಗಿದೆ

ಆತ್ಮೀಯರೇ,

ನಿಮ್ಮ ಕಥೆ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಹಾಕಿಕೊಳ್ಳುವುದಿಲ್ಲ. ಆ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ಸಮಾಧಾನವಾಗಿ ಓದಬಹುದು.

ಈ ಅಂಕಣದಲ್ಲಿ ನಿಮ್ಮ ಹೆಸರು ಹಾಕುತ್ತಿಲ್ಲ. ಉಳಿದ ಓದುಗರಿಗೆ ತಿಳಿಯಲೆಂದು ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. 'ಒಂದು ಮುಸ್ಲಿಂ ರಾಷ್ಟ್ರ'ದಲ್ಲಿ ಒಬ್ಬ ಯುವತಿ ಕ್ರೈಸ್ತಳಾಗುತ್ತಾಳೆ. ಅಪ್ಪ ಕತ್ತಿ ಹಿರಿಯುತ್ತಾನೆ, ಮೌಲ್ವಿ ಫತ್ವಾ ಹೊರಡಿಸುತ್ತಾನೆ, ಪೊಲೀಸರು ರಾತ್ರಿ ಬಾಗಿಲು ಒಡೆದು ಆಕೆಯನ್ನೂ ಆಕೆಯ ಪ್ರಿಯಕರನನ್ನೂ ಎಳೆದೊಯ್ಯುತ್ತಾರೆ. ಕೊನೆಗೆ ಮರಳು ಹಾರುವ ಒಂದು ಚೌಕದಲ್ಲಿ ಅವಳಿಗೆ ಮರಣದಂಡನೆ. ಸಾಯುವ ಮುಂಚೆ ಒಂದೂವರೆ ಪುಟ ಭಾಷಣ.

ಈ ದೇಶ ಯಾವುದು? ನಿಮ್ಮ ಪತ್ರದ ಪ್ರಕಾರ ಮಲೇಷ್ಯಾ. ನಾಲ್ಕು ವರ್ಷ ಕೌಲಾಲಂಪುರದಲ್ಲಿ ಕೆಲಸ ಮಾಡಿದ್ದೇನೆ, ಕಣ್ಣಾರೆ ಕಂಡದ್ದನ್ನು ಬರೆದಿದ್ದೇನೆ ಎಂದಿದ್ದೀರಿ. ಹಾಗಾದರೆ ಮರಳು ಎಲ್ಲಿಂದ ಬಂತು ಸ್ವಾಮಿ? ಮಧ್ಯಾಹ್ನವಾದರೆ ಮೋಡ ಕವಿದು ಮಳೆ ಸುರಿಯುವ ಊರು ಅದು. ನೀವು ಕಂಡದ್ದನ್ನು ಬರೆದಿಲ್ಲ. ಊರಲ್ಲಿ ಕೂತ ಓದುಗ ಏನು ಕಾಣಬಯಸುತ್ತಾನೋ ಅದನ್ನು ಬರೆದಿದ್ದೀರಿ.

ಆದರೆ ಪತ್ರದ ಮೂರನೆಯ ಪ್ಯಾರಾದಲ್ಲಿ, ಬಹುಶಃ ಕೈತಪ್ಪಿ, ನೀವು ಹೀಗೆ ಬರೆದಿದ್ದೀರಿ: 'ನಮ್ಮ ಆಫೀಸಿನ ಒಬ್ಬಾಕೆ ರಂಜಾನ್ ತಿಂಗಳಲ್ಲಿ ಊಟದ ಡಬ್ಬಿಯನ್ನು ಫೈಲುಗಳ ಮಧ್ಯೆ ಇಟ್ಟುಕೊಂಡು ಎಮರ್ಜೆನ್ಸಿ ಮೆಟ್ಟಿಲ ಕಡೆ ಹೋಗುತ್ತಿದ್ದಳು. ಚರ್ಚಿಗೆ ಹೋಗಲು ಶುರುಮಾಡಿ ಎಷ್ಟೋ ವರ್ಷವಾಗಿತ್ತಂತೆ. ಕಾರ್ಡಿನಲ್ಲಿ ಮಾತ್ರ ಇನ್ನೂ ಇಸ್ಲಾಂ ಅಂತಲೇ ಇತ್ತು. ನಾನು ನೋಡಿದೆ ಅಂತ ಗೊತ್ತಾದಾಗ ಡಬ್ಬಿ ಮುಚ್ಚಿ, ನನಗೂ ಒಂದು ತುತ್ತು ಬೇಕಾ ಅಂದಳು.'

ಇದನ್ನು ಓದಿದ ಮೇಲೆ ನಿಮ್ಮ ಹದಿನಾಲ್ಕು ಪುಟದ ಕಥೆ ನನಗೆ ನೆನಪಿನಲ್ಲಿ ನಿಲ್ಲಲಿಲ್ಲ. ಅಲ್ಲಿ ರಂಜಾನ್ ಹಗಲಲ್ಲಿ ಮುಸ್ಲಿಮರು ನಾಲ್ಕು ಜನರ ಎದುರು ಉಣ್ಣುವುದು ಷರೀಯಾ ಕಾನೂನಿನಡಿ ಅಪರಾಧ, ಅವರಿಗೆ ಊಟ ಮಾರಿದವನೂ ಸಿಕ್ಕಿಬೀಳುತ್ತಾನೆ. ಯಾರು ಮುಸ್ಲಿಮರು ಎಂದು ಹೇಳುವುದು ಮೈಕಾಡ್ ಎಂಬ ಗುರುತಿನ ಚೀಟಿ. ಮುಸ್ಲಿಮರ ಚೀಟಿಯ ಮೇಲೆ ಮಾತ್ರ ಧರ್ಮ ಅಚ್ಚಾಗಿರುತ್ತದೆ, ಉಳಿದವರದ್ದರ ಮೇಲೆ ಆ ಪದವೇ ಇರುವುದಿಲ್ಲ. ಒಬ್ಬ ಹೆಂಗಸಿನ ನಂಬಿಕೆ ಒಂದು ಕಡೆ, ಆಕೆಯ ಚೀಲದಲ್ಲಿರುವ ಪ್ಲಾಸ್ಟಿಕ್ ತುಂಡು ಇನ್ನೊಂದು ಕಡೆ, ನಡುವೆ ಮಧ್ಯಾಹ್ನದ ಹಸಿವು. ಇಷ್ಟನ್ನು ಕೈಯಲ್ಲಿಟ್ಟುಕೊಂಡು ನೀವು ಕತ್ತಿ ಹುಡುಕಿಕೊಂಡು ಹೋದಿರಿ.

ಲೀನಾ ಜಾಯ್ ಪ್ರಕರಣದ ಹೆಸರನ್ನು ಪತ್ರದಲ್ಲಿ ಹೇಳಿದ್ದೀರಿ, ಕಥೆಗೆ ಪ್ರೇರಣೆ ಎಂದು. ಅದನ್ನು ಪೂರ್ತಿ ಓದಿದ್ದರೆ ನಿಮ್ಮ ಕಥೆ ಹೀಗಿರುತ್ತಿರಲಿಲ್ಲ. ಆಕೆ 1964ರಲ್ಲಿ ಮಲಯ್ ಮುಸ್ಲಿಂ ಮನೆಯಲ್ಲಿ ಹುಟ್ಟಿದವಳು, ಅಜ್ಲೀನಾ ಎಂದು ಹೆಸರು. 1998ರಲ್ಲಿ ದೀಕ್ಷಾಸ್ನಾನ ಪಡೆದಳು. ಹೆಸರು ಬದಲಿಸಿಕೊಡಿ ಎಂದು ನೋಂದಣಿ ಇಲಾಖೆಗೆ ಅರ್ಜಿ ಹಾಕಿದಳು, ಮೊದಲು ಆಗಲಿಲ್ಲ, 1999ರಲ್ಲಿ ಆಯಿತು. ಹೊಸ ಚೀಟಿ ಬಂತು. ಮೇಲೆ ಲೀನಾ ಜಾಯ್, ಕೆಳಗೆ ಇಸ್ಲಾಂ. ಅದೇ ವರ್ಷದಿಂದ ಅನ್ವಯಿಸುವಂತೆ ನಿಯಮ ತಿದ್ದಿ ಮುಸ್ಲಿಮರ ಚೀಟಿಯಲ್ಲಿ ಧರ್ಮ ನಮೂದಾಗಬೇಕು ಎಂದು ಮಾಡಿದರು. ಆ ಒಂದು ಪದ ತೆಗೆಯಿರಿ ಎಂದು 2000ದಲ್ಲಿ ಮತ್ತೆ ಹೋದಳು. ಷರೀಯಾ ನ್ಯಾಯಾಲಯದಿಂದ ಧರ್ಮ ಬಿಟ್ಟಿದ್ದಕ್ಕೆ ಪ್ರಮಾಣಪತ್ರ ತನ್ನಿ ಎಂದರು.

ಇಲ್ಲಿಂದ ಏಳು ವರ್ಷ. 2001ರಲ್ಲಿ ಹೈಕೋರ್ಟಿನ ನ್ಯಾಯಾಧೀಶರು, ಮಲಯ್ ಆಗಿ ಹುಟ್ಟಿದವಳು ಸಾಯುವವರೆಗೂ ಇಸ್ಲಾಮಿನೊಳಗೇ ಎಂಬರ್ಥದ ತೀರ್ಪು ಕೊಟ್ಟರು. 2005ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋಲು, ಇಬ್ಬರು ಅತ್ತ, ಒಬ್ಬರು ಇತ್ತ. 2007ರ ಮೇ 30ರಂದು ಪುತ್ರಜಯದ ಫೆಡರಲ್ ಕೋರ್ಟಿನಲ್ಲೂ, ಅಂದರೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲೂ, ಅದೇ ಲೆಕ್ಕ, ಎರಡಕ್ಕೆ ಒಂದು. ಮುಖ್ಯ ನ್ಯಾಯಮೂರ್ತಿ ಅಹ್ಮದ್ ಫೈರೂಜ್ ಬಹುಮತದ ಪರವಾಗಿ, ಮನಸ್ಸಿಗೆ ಬಂದಂತೆ ಧರ್ಮವನ್ನು ಬಿಡುವುದು, ಹಿಡಿಯುವುದು ಆಗದು ಎಂದರು. ಭಿನ್ನಮತ ಬರೆದವರು ಸಬಾ ರಾಜ್ಯದ ರಿಚರ್ಡ್ ಮಲಾಂಜುಂ. ಧರ್ಮ ಬಿಡುವುದೇ ಅಪರಾಧವಾಗಿರುವ ರಾಜ್ಯಗಳಿರುವಾಗ, ಬಿಟ್ಟೆನೆಂಬ ಪ್ರಮಾಣಪತ್ರ ತಾ ಎನ್ನುವುದು ಅವಳನ್ನು ತಾನೇ ಸಿಕ್ಕಿಹಾಕಿಕೊಳ್ಳುವಂತೆ ಮಾಡಿದಂತೆ ಎಂಬುದು ಅವರ ವಾದ. (ಕಳ್ಳನಿಗೆ, ಠಾಣೆಗೆ ಹೋಗಿ ನಾನು ಕಳ್ಳ ಅಂತ ಬರೆಸಿಕೊಂಡು ಬಾ, ಆಮೇಲೆ ಬಿಡುತ್ತೇವೆ ಅಂದ ಹಾಗೆ.) ಹನ್ನೊಂದು ವರ್ಷದ ನಂತರ, 2018ರಲ್ಲಿ, ಅದೇ ಮಲಾಂಜುಂ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ತೀರ್ಪು ಇದ್ದಲ್ಲೇ ಇದೆ.

ಇದರಲ್ಲಿ ಕತ್ತಿ ಎಲ್ಲೂ ಇಲ್ಲ, ಗಮನಿಸಿದಿರಾ? ಕೌಂಟರ್ ಇದೆ, ನಮೂನೆ ಇದೆ, ಇದು ನಮ್ಮ ವಿಭಾಗವಲ್ಲ ಆ ಕಟ್ಟಡಕ್ಕೆ ಹೋಗಿ ಎನ್ನುವ ಗುಮಾಸ್ತನಿದ್ದಾನೆ. ಆ ಗುಮಾಸ್ತ ಕೆಟ್ಟವನೇನಲ್ಲ, ಮಧ್ಯಾಹ್ನದ ನಮಾಜಿಗೆ ಹೊತ್ತಾಯಿತು ಎಂದು ಗಡಿಯಾರ ನೋಡುತ್ತಿರಬಹುದು. ಮಲೇಷ್ಯಾದ ಸಂವಿಧಾನದ 11ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬಿ ನಡೆಯುವ ಹಕ್ಕು ಕೊಡುತ್ತದೆ. 160ನೇ ವಿಧಿ, ಮಲಯ್ ಎಂದರೆ ಇಸ್ಲಾಂ ಪಾಲಿಸುವವರು, ಮಲಯ್ ಭಾಷೆ ಆಡುವವರು, ಮಲಯ್ ರೂಢಿಯಲ್ಲಿ ನಡೆಯುವವರು ಎನ್ನುತ್ತದೆ. 1988ರಲ್ಲಿ 121ನೇ ವಿಧಿಗೆ ಒಂದು ಉಪವಿಧಿ ಸೇರಿಸಿ, ಷರೀಯಾ ನ್ಯಾಯಾಲಯದ ವ್ಯಾಪ್ತಿಯ ವಿಷಯಕ್ಕೆ ಸಿವಿಲ್ ನ್ಯಾಯಾಲಯ ಕೈಹಾಕುವಂತಿಲ್ಲ ಎಂದರು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಧರ್ಮ ಬಿಟ್ಟರೆ ಕುಲವೂ ಹೋಯಿತು, ಕುಲದೊಂದಿಗೆ ಬರುವ ಸವಲತ್ತೂ ಹೋಯಿತು. ಅಲ್ಲಿ ಇಸ್ಲಾಂ ಸೇರುವುದಕ್ಕೆ ಜನ ಆಡುವ ಮಾತೇ 'ಮಾಸುಕ್ ಮೆಲಾಯು', ಅಂದರೆ ಮಲಯ್ ಆಗುವುದು. ನಮ್ಮಲ್ಲಿ ಹಳಬರು 'ಜಾತಿ ಕೆಟ್ಟ' ಎನ್ನುತ್ತಿದ್ದರಲ್ಲ, ಅದರ ತಿರುಗುಮುರುಗು. ನಿಮ್ಮ ನಾಯಕಿ ಒಂದೂವರೆ ಪುಟ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಾಳೆ, ಇನ್ನು ಮೇಲೆ ತಾನು ಯಾರ ಮಗಳು ಎಂಬ ಬಗ್ಗೆ ಒಂದು ಸಾಲೂ ಇಲ್ಲ.

ಮರಣದಂಡನೆ ತೆಗೆಯಿರಿ. ಅಲ್ಲಿನ ಷರೀಯಾ ನ್ಯಾಯಾಲಯ ಕೊಡಬಹುದಾದ ಗರಿಷ್ಠ ಶಿಕ್ಷೆ 3 ವರ್ಷ ಜೈಲು, 5,000 ರಿಂಗಿಟ್ ದಂಡ, 6 ಛಡಿ ಏಟು. ಕೆಲಂತಾನ್ ಮತ್ತು ತೆರೆಂಗಾನು ರಾಜ್ಯಗಳು ಧರ್ಮ ಬಿಟ್ಟವರಿಗೆ ಮರಣದಂಡನೆ ಎಂದು ಕಾನೂನು ಮಾಡಿದ್ದು ನಿಜ. ಒಕ್ಕೂಟದ ಕಾನೂನು ಹಾಕಿರುವ ಈ ಶಿಕ್ಷೆಯ ಮಿತಿಯಿಂದಾಗಿ ಅದು ಜಾರಿಗೆ ಬರಲಿಲ್ಲ. ನಿಜವಾಗಿ ನಡೆಯುವುದು ಬೇರೆ. 2007ರಲ್ಲಿ, ಮುಸ್ಲಿಂ ತಂದೆತಾಯಿಗೆ ಹುಟ್ಟಿ ಹಿಂದೂ ಅಜ್ಜಿಯ ಕೈಯಲ್ಲಿ ಬೆಳೆದ ಒಬ್ಬ ಹೆಣ್ಣುಮಗಳು, ನಾನು ಹಿಂದೂ ಎಂದು ಬರೆಸಲು ಮಲಾಕ್ಕಾ ರಾಜ್ಯದ ಷರೀಯಾ ನ್ಯಾಯಾಲಯಕ್ಕೆ ಹೋದಳು. ಅವಳನ್ನು 180 ದಿನ 'ನಂಬಿಕೆ ಸರಿಪಡಿಸುವ' ಕೇಂದ್ರದಲ್ಲಿ ಇಟ್ಟರು. ಹೊರಗೆ ಗಂಡ, ಕೈಗೂಸು. ಈ ಕೇಂದ್ರದ ಒಂದು ದಿನವನ್ನು, ಏಳುವುದರಿಂದ ಮಲಗುವವರೆಗೆ, ನಿಮ್ಮಿಂದ ಬರೆಯಲಾಗುತ್ತದೆಯೇ? ಅಲ್ಲಿ ಪಾಠ ಹೇಳಲು ಬರುವ ಉಸ್ತಾದ್ ಮೃದುವಾಗಿ, ಮಗಳೇ ಎಂದು ಮಾತಾಡಿಸುವವನಾಗಿದ್ದರೆ ಓದುಗನಿಗೆ ಇನ್ನೂ ಭಯವಾಗುತ್ತದೆ.

ಪೊಲೀಸರ ದೃಶ್ಯವೂ ತಪ್ಪು. ಮದುವೆಯಾಗದ ಜೋಡಿ ಒಂದೇ ಕೋಣೆಯಲ್ಲಿದ್ದರೆ ಅದು 'ಖಲ್ವತ್'. ಅದಕ್ಕೆ ಬಾಗಿಲು ತಟ್ಟುವವರು ರಾಜ್ಯದ ಧಾರ್ಮಿಕ ಇಲಾಖೆಯ ಅಧಿಕಾರಿಗಳು. ಷರೀಯಾ ಕೇಸು ಬೀಳುವುದು ಹುಡುಗಿಯ ಮೇಲೆ, ಮುಸ್ಲಿಮನಲ್ಲದ ಹುಡುಗನ ಮೇಲಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ಕಾನೂನು ಅರ್ಧ ಕೋಣೆಗೆ ಮಾತ್ರ. ನೀವು ಇಬ್ಬರನ್ನೂ ಎಳೆದೊಯ್ದು ಈ ವಿಚಿತ್ರವನ್ನು ಕಳೆದುಕೊಂಡಿರಿ.

ಆ ಹುಡುಗನ ಬಗ್ಗೆ ಒಂದು ಪ್ರಶ್ನೆ. ಲೀನಾ ಜಾಯ್ ಮದುವೆಯಾಗಬೇಕಿದ್ದವನು ಭಾರತೀಯ ಮೂಲದ ಕ್ರೈಸ್ತ. ಮುಸ್ಲಿಮರಿಗೆ ಸಿವಿಲ್ ವಿವಾಹ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ, ಚೀಟಿಯಲ್ಲಿ ಇಸ್ಲಾಂ ಇರುವವರೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಸಾಧ್ಯವಿಲ್ಲ. ಸುಲಭದ ದಾರಿ ಒಂದೇ, ಹುಡುಗ ಕಾಗದದ ಮೇಲೆ ಮುಸ್ಲಿಮನಾಗುವುದು. ನಿಮ್ಮ ಕಥೆಯ ಹುಡುಗನಿಗೆ ಒಂದು ರಾತ್ರಿಯಾದರೂ ಇದು ಹೊಳೆಯಲಿಲ್ಲವೇ? 'ನಾನೇ ಬರ್ತೀನಿ ಆ ಕಡೆ, ಬರೀ ಕಾಗದಕ್ಕೆ' ಎಂದು ಅವನು ಅಂದಿದ್ದರೆ ಇವಳು ಏನೆನ್ನುತ್ತಿದ್ದಳು? ಯಾವ ಸುಳ್ಳಿನಿಂದ ಹೊರಬರಲು ವರ್ಷಗಟ್ಟಲೆ ಒದ್ದಾಡಿದ್ದಳೋ ಅದೇ ಸುಳ್ಳನ್ನು ಅವನು ಪ್ರೀತಿಯಿಂದ ತಂದು ಕೈಗಿಡುತ್ತಿದ್ದಾನೆ. ನನ್ನ ಮಟ್ಟಿಗೆ ಕಥೆಯ ನಡುಮನೆ ಇದೇ. ಹುಟ್ಟುವ ಮಗುವಿನ ಚೀಟಿಯಲ್ಲಿ ಏನು ಬರುತ್ತದೆ ಎಂಬುದೂ ಇಲ್ಲೇ ಬರಬೇಕು.

ಅಪ್ಪನಿಗೆ ಬರೋಣ. ಕತ್ತಿ ಹಿಡಿದ ಅಪ್ಪನನ್ನು ಬರೆಯಲು ಐದು ನಿಮಿಷ ಸಾಕು. ಮಗಳ ಹೆಣಕ್ಕೆ ನಮಾಜು ಓದುವವರಿಲ್ಲವಲ್ಲ ಎಂದು ನಿದ್ದೆಗೆಡುವ ಅಪ್ಪನನ್ನು ಬರೆಯಿರಿ, ಕಷ್ಟ ಗೊತ್ತಾಗುತ್ತದೆ. ನಿಮ್ಮ ಕಥೆಯಲ್ಲಿ ಒಬ್ಬನೇ ಒಬ್ಬ ಒಳ್ಳೆಯ ಮುಸ್ಲಿಮನಿದ್ದಾನೆ, ಅವನು 'ಧರ್ಮದಲ್ಲಿ ಬಲವಂತವಿಲ್ಲ' ಎಂಬ ಕುರಾನ್ ವಾಕ್ಯ ಹೇಳಿ ಮಾಯವಾಗುತ್ತಾನೆ. ಈ ವಿಷಯದ ಬರಹಗಳಲ್ಲೆಲ್ಲ ಆ ವಾಕ್ಯ ಬರುತ್ತದೆ. ದಯವಿಟ್ಟು ಬಿಡಿ. ಅದರ ಬದಲು ನಿಜವಾಗಿ ಇದ್ದವರನ್ನು ನೋಡಿ. ಲೀನಾ ಜಾಯ್ ಪ್ರಕರಣದ ಹೊತ್ತಿನಲ್ಲಿ ಆ 11ನೇ ವಿಧಿಯನ್ನೇ ಹೆಸರಾಗಿಟ್ಟುಕೊಂಡು ಹಲವು ಸಂಘಟನೆಗಳು ಒಂದಾಗಿದ್ದವು. ಸಿಸ್ಟರ್ಸ್ ಇನ್ ಇಸ್ಲಾಂ ಎಂಬ ಮುಸ್ಲಿಂ ಮಹಿಳೆಯರ ಸಂಘಟನೆಯೂ ಅದರಲ್ಲಿತ್ತು. ಮುಂದೆ ನಿಂತ ವಕೀಲ ಮಲಿಕ್ ಇಮ್ತಿಯಾಜ್ ಸರ್ವರ್ ಅವರಿಗೆ 2006ರಲ್ಲಿ ಕೊಲೆ ಬೆದರಿಕೆ ಬಂತು. ಅವರು ಧರ್ಮ ಬಿಟ್ಟವರಲ್ಲ. ಇನ್ನೊಬ್ಬರು ಬಿಡಬಹುದು ಎಂದವರು, ಅಷ್ಟೇ. ಅಂಥವನ ಮನೆಯ ರಾತ್ರಿ ಊಟದ ಮಾತು ಹೇಗಿದ್ದೀತು?

ಬಾಗಿಲು ಒಳಗೂ ತೆರೆಯುತ್ತದೆ, ಹೊರಗೂ ತೆರೆಯುತ್ತದೆ. ನೀವು ಹೊರಗೆ ಹೋಗುವವರನ್ನಷ್ಟೇ ನೋಡಿದ್ದೀರಿ. ಇಪೋ ಊರಿನ ಶಿಶುವಿಹಾರದ ಟೀಚರ್ ಇಂದಿರಾ ಗಾಂಧಿ (ಹೆಸರಷ್ಟೇ ಅದು, ತಮಿಳು ಹಿಂದೂ ಹೆಂಗಸು) ಅವರ ಗಂಡ 2009ರಲ್ಲಿ ಮುಸ್ಲಿಮನಾಗಿ, ಮೂವರು ಮಕ್ಕಳನ್ನೂ ಹೆಂಡತಿಗೆ ಹೇಳದೆ ಮತಾಂತರ ಮಾಡಿಸಿ, 11 ತಿಂಗಳ ಕೂಸನ್ನು ಎತ್ತಿಕೊಂಡು ಹೋದ. 2018ರಲ್ಲಿ ಫೆಡರಲ್ ಕೋರ್ಟಿನ ಐವರೂ ಒಮ್ಮತದಿಂದ, ತಂದೆತಾಯಿ ಇಬ್ಬರ ಒಪ್ಪಿಗೆಯಿಲ್ಲದೆ ಮಕ್ಕಳ ಮತಾಂತರ ಸಲ್ಲದು ಎಂದರು. ತೀರ್ಪು ಕೈಗೆ ಬಂತು, ಮಗಳು ಬರಲಿಲ್ಲ. ಇದನ್ನು ನಿಮ್ಮ ಕಥೆಗೆ ತುರುಕಿ ಎನ್ನುತ್ತಿಲ್ಲ. ಆದರೆ ನಿಮ್ಮ ನಾಯಕಿಯ ಪಕ್ಕದ ಮೇಜಿನಲ್ಲಿ ಇಂಥವರೊಬ್ಬರು ಕೂತಿರಬಹುದು.

ನಿಷ್ಠುರದ ಮಾತೊಂದಿದೆ. ಈ ಕಥೆ ನಮ್ಮ ಓದುಗರಲ್ಲಿ ಒಂದು ಭಾಗಕ್ಕೆ ಬಹಳ ಹಿಡಿಸುತ್ತದೆ. ಅದಕ್ಕೇ ನನಗೆ ಅಳುಕು. 'ನೋಡಿ ಅವರು ಹೇಗೆ' ಎಂದು ಓದಿ ಮಡಚಿಡುವ ಕಥೆ ಇದು. ಇದೇ ಓದುಗ 2022ರಲ್ಲಿ ನಮ್ಮ ರಾಜ್ಯದಲ್ಲೇ, ಮತಾಂತರವಾಗುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಮೂನೆ ತುಂಬಿಕೊಡಬೇಕು ಎಂಬ ಕಾಯ್ದೆ ಬಂದದ್ದನ್ನು ಪತ್ರಿಕೆಯಲ್ಲಿ ಓದಿದ್ದಾನೆ. ಎರಡೂ ಒಂದೇ ಎನ್ನುತ್ತಿಲ್ಲ, ಒಂದೇ ಅಲ್ಲ. ಆದರೆ ಕೌಂಟರಿನ ಮುಂದೆ ನಿಂತ ಹೆಂಗಸನ್ನು ಬರೆದರೆ ಅವನಿಗೆ ಪರಿಚಿತ ಎನ್ನಿಸುತ್ತದೆ, ಚೌಕದಲ್ಲಿ ಕತ್ತಿಗೆ ತಲೆಯೊಡ್ಡಿದವಳನ್ನು ಬರೆದರೆ ದೂರದ ದೇಶ ಎನ್ನಿಸುತ್ತದೆ.

ಭಾಷೆಯಲ್ಲಿ ಒಂದು ತಿದ್ದುಪಡಿ ಮಾತ್ರ ಹೇಳುತ್ತೇನೆ. 'ಧರ್ಮಭ್ರಷ್ಟೆ' ಎಂಬ ಪದ ಮಲಯ್ ಅಪ್ಪನ ಬಾಯಲ್ಲಿ ಹರಿಕಥೆಯಂತೆ ಕೇಳುತ್ತದೆ. ಅಲ್ಲಿ ಆಡುವ ಮಾತು 'ಮುರ್ತದ್'. ನಮ್ಮ ಉರ್ದು ಮನೆಗಳಲ್ಲೂ ಅದೇ ಪದವಿದೆ. ಹಾಗೇ ಇಡಿ, ಓದುಗ ಅರ್ಥಮಾಡಿಕೊಳ್ಳುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಸಹೋದ್ಯೋಗಿ. ಕಥೆ ಎಂದರೂ ಆಕೆ ನಿಜ. ಹೆಸರು ಬದಲಿಸಿದರೆ ಸಾಲದು. ಆಫೀಸು, ಮಹಡಿ, ಕೆಲಸ, ವಯಸ್ಸು, ಚರ್ಚು ಎಲ್ಲ ಬದಲಾಗಲಿ. ಸಾಧ್ಯವಾದರೆ ಆಕೆಯನ್ನೇ ಕೇಳಿ, ಬೇಡವೆಂದರೆ ಬರೆಯಬೇಡಿ. ರಾಜ್ಯ ಬದಲಿಸುವಾಗ ಎಚ್ಚರ, ಅಲ್ಲಿ ಈ ಕಾನೂನು ರಾಜ್ಯಕ್ಕೊಂದು. ನೆಗ್ರಿ ಸೆಂಬಿಲಾನ್‌ನಲ್ಲಿ ಷರೀಯಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಉಪದೇಶ ಕೇಳಿ ಹೊರಬರುವ ದಾರಿಯೊಂದು ಕಾನೂನಿನಲ್ಲೇ ಇದೆ. ಮಲಾಕ್ಕಾದಲ್ಲಿ ಅದೇ ಅರ್ಜಿ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಮೇಲೆ ಹೇಳಿದೆ. ಅವಳ ಬಸ್ಸು ರಾಜ್ಯದ ಗಡಿ ದಾಟಿದರೆ ಕಥೆಯೂ ದಾಟುತ್ತದೆ.

ಬರೆದರೆ ಕಳಿಸಿ. ಎಂಟು ಪುಟ ಸಾಕು, ಭಾಷಣ ಬೇಡ. ಆ ಡಬ್ಬಿಯಲ್ಲಿ ಏನಿತ್ತು, ನೀವು ಆ ತುತ್ತು ತಗೊಂಡಿರೋ ಇಲ್ಲವೋ, ಪತ್ರದಲ್ಲಿ ಬರೆದಿಲ್ಲ. ಮತ್ತೆ, ನುಡಿ ಫಾಂಟಿನಲ್ಲಿ ಕಳಿಸಬೇಡಿ, ಒತ್ತಕ್ಷರಗಳೆಲ್ಲ ಒಡೆದು ಬರುತ್ತವೆ. ಯೂನಿಕೋಡ್ ಇರಲಿ.

ಇಂತಿ,
ಸಂಪಾದಕ